ಗುಲಾಬಿ ಸೊರಗಿದರೆ ಮೊದಲು ಎಲೆ ತಿರುವಿ ನೋಡಿ

ಕಳೆದ ಜುಲೈನಲ್ಲಿ ಒಂದೇ ವಾರ ಮೂರು ಮನೆಗಳ ಗುಲಾಬಿ ಎಲೆ ಹಳದಿಯಾಯಿತು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಅತ್ತಿಗೆಯ ಬಾಲ್ಕನಿಯದು, ಗೋವಾದ ವಾಸ್ಕೋದಲ್ಲಿ ಚಿಕ್ಕಪ್ಪನ ಅಂಗಳದ್ದು, ಇಲ್ಲಿ ಪುಣೆಯ ಸಿಂಹಗಡ ರಸ್ತೆಯಲ್ಲಿ ನಮ್ಮ ಟೆರೇಸಿನದು. ಮೂವರೂ ಅಂಗಡಿಗೆ ಹೋಗಿ ಒಂದೇ ತರದ, ಬೂಷ್ಟು ಕೊಲ್ಲುವ ಪುಡಿ ತಂದೆವು. ನೀರಿಗೆ ಕಲಸಿ ಹೊಡೆದೆವು. ಗುಣವಾಗಿದ್ದು ಅತ್ತಿಗೆಯ ಗಿಡ ಮಾತ್ರ.

ಕಾರಣ ಸರಳ. ಅತ್ತಿಗೆಯ ಗಿಡಕ್ಕೆ ಬಂದಿದ್ದು ಕಪ್ಪುಚುಕ್ಕೆ ರೋಗ, ಅದು ಬೂಷ್ಟಿನ ಜಾತಿ. ಚಿಕ್ಕಪ್ಪನ ಗಿಡದ ಬೇರು ಕುಂಡದೊಳಗೆ ನಿಂತ ನೀರಿನಲ್ಲಿ ಕೊಳೆಯುತ್ತಿತ್ತು. ನಮ್ಮ ಗಿಡಕ್ಕೆ ಕಬ್ಬಿಣಾಂಶ ಸಿಗುತ್ತಿರಲಿಲ್ಲ, ಟ್ಯಾಂಕರಿನ ಗಡಸು ನೀರು ಕುಡಿದೂ ಕುಡಿದೂ ಹಾಗಾಗಿತ್ತು. ಹಳದಿ ಎಲೆ ಎಂದರೆ ಜ್ವರ ಇದ್ದ ಹಾಗೆ. ಜ್ವರ ಇದೆ ಅಂತ ಗೊತ್ತಾದರೆ ಸಾಲದು, ಯಾವ ಜ್ವರ ಅಂತ ಗೊತ್ತಾಗಬೇಕು ಅಲ್ವಾ?

ಸೋಲಾಪುರ ರಸ್ತೆಯ ನರ್ಸರಿಯೊಂದರಲ್ಲಿ ಅಕ್ಕಲಕೋಟೆ ಕಡೆಯ ಮಾಲಿಯೊಬ್ಬರು ಇದ್ದಾರೆ. ನನ್ನ ಮರಾಠಿ ಕೇಳಿಯೇ ಕನ್ನಡದವಳು ಅಂತ ಗುರುತು ಹಿಡಿದವರು. ಔಷಧಿ ಹೆಸರು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಔಷಧಾ ಆಮ್ಯಾಲ ಅಕ್ಕಾರ. ಮೊದಲ ಎಲಿ ತಿರುವಿ ನೋಡ್ರಿ." ಆವತ್ತಿನಿಂದ ನಾನು ಸಂಬಂಧಿಕರ, ಸ್ನೇಹಿತರ ಗಿಡಗಳನ್ನೆಲ್ಲ ಇದೇ ದಾರಿಯಲ್ಲಿ ನೋಡುತ್ತಾ ಬಂದಿದ್ದೇನೆ.

ನೋಡುವುದು ಹೇಗೆ

ಬೇಕಾಗುವ ಸಾಮಾನು ಹೆಚ್ಚಿಲ್ಲ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಮಸೂರ, ಒಂದು ಬಿಳಿ ಕಾಗದ, ಹರಿತವಾದ ಚಾಕು, ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ. ಇಷ್ಟು ಸಾಕು.

ಮೊದಲ ಪ್ರಶ್ನೆ: ತೊಂದರೆ ಶುರುವಾಗಿದ್ದು ಯಾವ ಎಲೆಯಲ್ಲಿ? ಬುಡದ ಹಳೆ ಎಲೆಯಲ್ಲೋ, ತುದಿಯ ಚಿಗುರಿನಲ್ಲೋ? ಇದೊಂದಕ್ಕೆ ಸರಿಯಾಗಿ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಕಪ್ಪುಚುಕ್ಕೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಬೂದಿ ರೋಗ ಚಿಗುರನ್ನೇ ಹುಡುಕಿಕೊಂಡು ಬರುತ್ತದೆ. ಕಬ್ಬಿಣದ ಕೊರತೆಯೂ ಹೊಸ ಎಲೆಯಲ್ಲೇ ಕಾಣುತ್ತದೆ. ಸಾರಜನಕ, ಮೆಗ್ನೀಸಿಯಂ ಕಡಿಮೆಯಾದರೆ ಹಳೆ ಎಲೆ ಮೊದಲು ಬಣ್ಣಗೆಡುತ್ತದೆ, ಏಕೆಂದರೆ ಗಿಡ ಅವನ್ನು ಹಳೆಯದರಿಂದ ಕಿತ್ತು ಹೊಸ ಚಿಗುರಿಗೆ ಕಳಿಸುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಅದಕ್ಕೆ ಆಗುವುದಿಲ್ಲ.

ಆಮೇಲೆ ಎಲೆ ತಿರುವಿ. ಮೇಲೆ ಚುಕ್ಕೆ ಇದ್ದು ಕೆಳಗೆ ಏನೂ ಇಲ್ಲವೇ? ಕೆಳಗೆ ಜೇಡರ ಬಲೆಯ ಹಾಗೆ ಸಣ್ಣ ಎಳೆ ಇದೆಯೇ? ಕಿತ್ತಳೆ ಪುಡಿ ಇದೆಯೇ? ಬೆರಳಿನಿಂದ ಒರೆಸಿ ನೋಡಿ. ಬಿಳಿ ಬೆರಳಿಗೆ ಹತ್ತಿದರೆ ಬೂದಿ ರೋಗ ಇರಬಹುದು. ಹತ್ತದೆ ಕಲೆಯಾಗಿ ಉಳಿದರೆ ನೀರಿನ ಉಪ್ಪೋ, ಹಿಂದೆ ಹೊಡೆದ ಔಷಧಿಯ ಗುರುತೋ ಇರಬೇಕು.

ಕೊನೆಗೆ ಹಿಂದಿನ ಹತ್ತು ದಿನದ ಹವೆ ನೆನಪು ಮಾಡಿಕೊಳ್ಳಿ. ಎಲೆ ಎಷ್ಟು ಹೊತ್ತು ಒದ್ದೆ ಇತ್ತು? ಗುಲಾಬಿಯ ಕಾಯಿಲೆಗಳನ್ನು ಬೇರೆ ಬೇರೆ ಮಾಡಿ ತೋರಿಸಲು ಇದಕ್ಕಿಂತ ಒಳ್ಳೆ ಪ್ರಶ್ನೆ ನನಗೆ ಸಿಕ್ಕಿಲ್ಲ.

ಇಷ್ಟು ನೋಡಿಯೂ ಅನುಮಾನ ಉಳಿದರೆ ಡಬ್ಬಿಯ ಪರೀಕ್ಷೆ ಮಾಡಿ. ಟಿಶ್ಯೂ ಕಾಗದ ಒದ್ದೆ ಮಾಡಿ ಹಿಂಡಿ ಡಬ್ಬಿಯ ತಳಕ್ಕೆ ಹಾಸಿ. ಚುಕ್ಕೆ ಇರುವ ಎಲೆಯನ್ನು ಅದರ ಮೇಲಿಟ್ಟು ಮುಚ್ಚಿ, ನೆರಳಿನಲ್ಲಿ ಎರಡು ದಿನ ಬಿಡಿ. ಬೂಷ್ಟಿನ ರೋಗವಾಗಿದ್ದರೆ ಚುಕ್ಕೆಯ ಮೇಲೆ ಕೂದಲಿನಂಥ ಬೆಳವಣಿಗೆಯೋ ಸಣ್ಣ ಗುಳ್ಳೆಯೋ ಮಸೂರದಲ್ಲಿ ಕಾಣಬಹುದು. ಬಿಸಿಲಿಗೆ ಸುಟ್ಟಿದ್ದರೆ, ಪೋಷಕಾಂಶದ ಕೊರತೆಯಾಗಿದ್ದರೆ ಕಲೆ ಮೊದಲಿನ ಹಾಗೇ ಇರುತ್ತದೆ. ತುಂಬ ದಿನ ಬಿಟ್ಟರೆ ಸತ್ತ ಎಲೆಗೆ ಯಾವ್ಯಾವುದೋ ಬೂಷ್ಟು ಹತ್ತುತ್ತದೆ, ಆಗ ನೋಡಿ ಪ್ರಯೋಜನ ಇಲ್ಲ.

ಕಪ್ಪುಚುಕ್ಕೆ: ಮಳೆಗಾಲದ ಮೊದಲ ಶತ್ರು

ಅತ್ತಿಗೆ ಕಳಿಸಿದ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ಎಲೆಯ ಮೇಲ್ಭಾಗದಲ್ಲಿ ಕಾಳುಮೆಣಸಿನಷ್ಟು ಅಗಲದ ನಾಲ್ಕು ಕಪ್ಪು ಚುಕ್ಕೆ. ದೊಡ್ಡದು ಮಾಡಿ ನೋಡಿದರೆ ಅಂಚು ನೇರ ಇಲ್ಲ. ಒತ್ತುಕಾಗದದ ಮೇಲೆ ಶಾಯಿ ಬಿದ್ದು ಹರಡಿದ ಹಾಗೆ ಎಳೆಎಳೆಯಾಗಿದೆ. ಸುತ್ತ ಹಳದಿ. ಈ ಎಳೆಎಳೆ ಅಂಚೇ ಕಪ್ಪುಚುಕ್ಕೆಯ ಸಹಿ. ಅಂಚು ಸ್ವಚ್ಛವಾಗಿದ್ದು ನಡುವೆ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಬೇರೆ ಎಲೆಚುಕ್ಕೆ ರೋಗ. ಅದು ಗಿಡವನ್ನು ಇಷ್ಟು ಬೇಗ ಬೋಳು ಮಾಡುವುದಿಲ್ಲ, ಆರೈಕೆ ಮಾತ್ರ ಹೆಚ್ಚು ಕಡಿಮೆ ಇದೇ.

ಇದನ್ನು ತರುವ ಶಿಲೀಂಧ್ರದ ಹೆಸರು ಡಿಪ್ಲೋಕಾರ್ಪಾನ್ ರೋಸೇ. ಇದರ ಬೀಜಕಣ ನೀರಿನ ಹನಿ ಚಿಮ್ಮಿದಾಗ ಎಲೆಯಿಂದ ಎಲೆಗೆ ಹಾರುತ್ತದೆ. ಎಲೆಯೊಳಗೆ ಇಳಿಯಲು ಅದಕ್ಕೆ ಸುಮಾರು 7 ಗಂಟೆ ಬಿಡದೆ ಒದ್ದೆ ಬೇಕು. ಅಷ್ಟರೊಳಗೆ ಎಲೆ ಒಣಗಿತೋ, ಆ ಸಲದ ಸೋಂಕು ತಪ್ಪಿತು. ಮುಂಬೈ ಕಡೆ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಎಲೆ ಒಣಗುವ ಮಾತೇ ಇಲ್ಲ. ಗೋವಾದಲ್ಲಿ ಇನ್ನೂ ಕಷ್ಟ. ಪುಣೆಯಲ್ಲಿ ಮಳೆ ಅಷ್ಟು ಜೋರಿಲ್ಲ, ಆದರೆ ದಿನವಿಡೀ ಹನಿಯುವ ಜಿಟಿಜಿಟಿ ಮಳೆ ಇದೆಯಲ್ಲ, ಈ ರೋಗಕ್ಕೆ ಅದೂ ಸಾಕು. ಒಂದು ಗಂಟೆ ಧೋ ಅಂತ ಸುರಿದು ಬಿಸಿಲು ಬಂದರೆ ಗಿಡಕ್ಕೆ ಅಷ್ಟು ಭಯವಿಲ್ಲ.

ಸಂಜೆ ಎಲೆಯ ಮೇಲೆ ನೀರು ಹಾಕುವ ಅಭ್ಯಾಸ ಯಾಕೆ ಕೆಟ್ಟದ್ದು ಅಂತ ಈಗ ತಿಳಿಯಿತಲ್ಲ. ಸಂಜೆ 6ಕ್ಕೆ ನೆನೆದ ಎಲೆ ಬೆಳಗಿನವರೆಗೂ ಒಣಗುವುದಿಲ್ಲ. ಬೆಳಿಗ್ಗೆ ಹಾಕಿ, ಬುಡಕ್ಕೆ ಮಾತ್ರ ಹಾಕಿ.

ನಾನು ಶಿರಸಿ ಕಡೆಯವಳು. ಮಳೆ ಹಿಡಿಯುವ ಮುಂಚೆ ಅಪ್ಪಯ್ಯ ಕೊಳೆರೋಗ ಬರದಿರಲಿ ಅಂತ ಅಡಿಕೆ ಗೊನೆಗೆ ಮೈಲುತುತ್ತು (ಕಾಪರ್ ಸಲ್ಫೇಟ್) ಸುಣ್ಣದ ಔಷಧಿ ಹೊಡೆಸುತ್ತಿದ್ದರು. ಕೆಲವರು ಗೊನೆಗೆ ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟಿಸುತ್ತಿದ್ದರು. ಕೊಳೆರೋಗ ತರುವ ಜೀವಿ ಬೇರೆ, ಗುಲಾಬಿಯದು ಬೇರೆ. ಆದರೆ ಲೆಕ್ಕ ಒಂದೇ: ನೀರು ತಾಗದ ಹಾಗೆ ಮುಚ್ಚು, ಇಲ್ಲವೇ ನೀರು ತಾಗುವ ಮುಂಚೆ ಔಷಧಿ ಲೇಪಿಸು. ಅತ್ತಿಗೆಗೆ ನಾನು ಹೇಳಿದ್ದೂ ಅದನ್ನೇ. "ಕುಂಡ ಗ್ರಿಲ್‌ನಿಂದ ಎರಡು ಅಡಿ ಒಳಗೆ ತಗೊಳ್ಳಿ ಅತ್ತಿಗೆ, ಬೆಳಕು ಸಿಗಲಿ, ಎರಚಲು ಮಾತ್ರ ಬೀಳಬಾರದು." ಆ ಎರಡು ಅಡಿ ಮಾಡಿದ ಕೆಲಸ ಪುಡಿಗಿಂತ ಜಾಸ್ತಿ ಅಂತ ನನ್ನ ನಂಬಿಕೆ.

ಚುಕ್ಕೆ ಬಂದ ಮೇಲೆ ಮಾಡಬೇಕಾದದ್ದು ಹೀಗೆ. ಉದುರಿದ ಎಲೆ ಒಂದೂ ಬಿಡದೆ ಆರಿಸಿ ಕಸಕ್ಕೆ ಹಾಕಿ, ಮನೆಯ ಗೊಬ್ಬರದ ಡಬ್ಬಕ್ಕೆ ಬೇಡ. ಬುಡದಿಂದ ಒಂದು ಗೇಣಿನವರೆಗೆ ಇರುವ ಎಲೆ ತೆಗೆಯಿರಿ, ಮಣ್ಣಿನಿಂದ ಚಿಮ್ಮುವ ಹನಿ ಮೊದಲು ತಾಗುವುದು ಅವಕ್ಕೇ. ಮಣ್ಣಿನ ಮೇಲೆ ತೆಂಗಿನ ನಾರೋ ಒಣ ಎಲೆಯೋ ಹೊದಿಸಿ. ಚುಕ್ಕೆ ಇರುವ ಎಲೆಗಳನ್ನೆಲ್ಲ ಒಂದೇ ದಿನ ಕಿತ್ತು ಗಿಡ ಬೋಳು ಮಾಡಬೇಡಿ. ಎಲೆ ಇಲ್ಲದೆ ಗಿಡಕ್ಕೆ ಊಟ ಇಲ್ಲ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿರುವುದು ಒಳ್ಳೆಯದು.

ಔಷಧಿ ಬೇಕೇ ಬೇಕು ಅಂದರೆ ಮ್ಯಾಂಕೋಜೆಬ್, ಲೀಟರ್ ನೀರಿಗೆ 2 ಗ್ರಾಂ, 7ರಿಂದ 10 ದಿನಕ್ಕೊಮ್ಮೆ. ಇದು ಎಲೆಯ ಮೇಲೆ ಕೂತು ಕಾಯುವ ಔಷಧಿ, ಒಳಗೆ ಇಳಿಯುವುದಿಲ್ಲ. ಜೋರು ಮಳೆಗೆ ತೊಳೆದು ಹೋಗುತ್ತದೆ. ಹಾಗಾಗಿ ಎರಡು ಮಳೆಯ ನಡುವಿನ ಬಿಡುವು ನೋಡಿ, ಎಲೆಯ ಎರಡೂ ಬದಿಗೆ ತಾಗುವ ಹಾಗೆ ಹೊಡೆಯಿರಿ. ಒಳಗೆ ಇಳಿಯುವ ಔಷಧಿಗಳಲ್ಲಿ ಹೆಕ್ಸಾಕೊನಜೋಲ್, ಕಾರ್ಬೆಂಡಜಿಮ್ ಸಿಗುತ್ತವೆ. ಇವನ್ನು ವಾರವಾರ ಹೊಡೆಯುತ್ತಾ ಹೋದರೆ ಬೂಷ್ಟು ಅವಕ್ಕೆ ಒಗ್ಗಿಕೊಳ್ಳುತ್ತದೆ. ಅದಲು ಬದಲು ಮಾಡಬೇಕು. ಅಂಗಡಿಯಲ್ಲಿ ಎಲ್ಲರೂ ಕೇಳುವ 'ಸಾಫ್' ಅಂದರೆ ಕಾರ್ಬೆಂಡಜಿಮ್ ಮತ್ತು ಮ್ಯಾಂಕೋಜೆಬ್ ಬೆರೆತ ಪುಡಿ. ಅದನ್ನೂ ಕಾರ್ಬೆಂಡಜಿಮ್‌ನ ಲೆಕ್ಕದಲ್ಲೇ ಇಡಿ.

ಇನ್ನೊಂದು ಮಾತು. ಚುಕ್ಕೆ ಬಂದ ಎಲೆ ಮತ್ತೆ ಹಸಿರಾಗುವುದಿಲ್ಲ. ಔಷಧಿ ಕೆಲಸ ಮಾಡಿತೋ ಇಲ್ಲವೋ ಅಂತ ಹಳೆ ಎಲೆ ನೋಡಿ ತೀರ್ಮಾನ ಮಾಡಬೇಡಿ. ಹೊಡೆದ ಮೇಲೆ ಬಿಚ್ಚಿಕೊಂಡ ಹೊಸ ಎಲೆ ಎರಡು ವಾರ ಶುದ್ಧವಾಗಿ ಉಳಿದರೆ ಗೆದ್ದಿರಿ.

ಬೂದಿ ರೋಗ: ಒಣ ಎಲೆಯ ಕಾಯಿಲೆ

ಕಪ್ಪುಚುಕ್ಕೆಗೆ ಒದ್ದೆ ಬೇಕು. ಬೂದಿ ರೋಗಕ್ಕೆ ಒದ್ದೆ ಆಗುವುದಿಲ್ಲ. ಎಲೆಯ ಮೇಲೆ ನೀರು ನಿಂತರೆ ಇದರ ಬೀಜಕಣ ಮೊಳೆಯುವುದೇ ಕಷ್ಟ. ಒಣ ಎಲೆ, ರಾತ್ರಿಯ ತಂಪು ತೇವದ ಗಾಳಿ, ಹಗಲಿನ ಹಿತವಾದ ಬಿಸಿಲು, ಇದು ಅದಕ್ಕೆ ಇಷ್ಟ. ಪುಣೆಯ ನವೆಂಬರ್‌ನಿಂದ ಫೆಬ್ರವರಿ ಅಂದರೆ ಅದೇ. ಗಿಡ ತುಂಬಾ ಮೊಗ್ಗು ಬಿಡುವ ಕಾಲವೂ ಅದೇ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಚಿಗುರೆಲೆ ದೋಣಿಯ ಹಾಗೆ ಮುದುರುತ್ತದೆ, ಅಂಚು ಮೇಲಕ್ಕೆ ಏಳುತ್ತದೆ. ಮೇಲೆ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ. ಮೊಗ್ಗಿನ ಕುತ್ತಿಗೆ ನೋಡಲು ಮರೆಯಬೇಡಿ, ಬಹಳ ಸಲ ಮೊದಲು ಕಾಣುವುದು ಅಲ್ಲೇ. ಮರಾಠಿಯಲ್ಲಿ ಇದಕ್ಕೆ ಭುರಿ ಅನ್ನುತ್ತಾರೆ. ಕೃಷಿ ಸೇವಾ ಕೇಂದ್ರಕ್ಕೆ ಹೋದರೆ ಈ ಹೆಸರು ಹೇಳಿದರೆ ಸಾಕು. ಕಪ್ಪುಚುಕ್ಕೆಗೆ ಕಾಳೆ ಠಿಪಕೆ ಅನ್ನಿ.

ಶುರುವಿನಲ್ಲೇ ಸಿಕ್ಕಿದರೆ ಮನೆಮದ್ದು ನಡೆಯುತ್ತದೆ. ಒಂದು ಭಾಗ ಹಾಲಿಗೆ ಒಂಬತ್ತು ಭಾಗ ನೀರು ಬೆರೆಸಿ, ಬಿಸಿಲಿರುವ ಬೆಳಿಗ್ಗೆ, ವಾರಕ್ಕೆರಡು ಸಲ ಸಿಂಪಡಿಸಿ. ಇದು ಬರೀ ಅಜ್ಜಿಮದ್ದಲ್ಲ. ಬ್ರೆಜಿಲ್‌ನಲ್ಲಿ ಕುಂಬಳ ಜಾತಿಯ ಬಳ್ಳಿಯ ಬೂದಿ ರೋಗಕ್ಕೆ ಹಸುವಿನ ಹಾಲು ಹೊಡೆದು ನೋಡಿ ಫಲ ಸಿಕ್ಕಿದ್ದು 1999ರಲ್ಲಿ ಪ್ರಕಟವಾಗಿದೆ. ಹಾಲು ಹೆಚ್ಚು ಹಾಕಿದರೆ ಎಲೆಯ ಮೇಲೆ ವಾಸನೆ, ಬೇರೆ ಬೂಷ್ಟು. ಅಡುಗೆ ಸೋಡಾ ಆದರೆ ಲೀಟರಿಗೆ ಒಂದು ಚಮಚ ಮೀರಬಾರದು, ಪದೇ ಪದೇ ಹೊಡೆದರೆ ಎಲೆಯಂಚು ಸುಡುತ್ತದೆ.

ಜೋರಾಗಿದ್ದರೆ ನೀರಿನಲ್ಲಿ ಕರಗುವ ಗಂಧಕದ ಪುಡಿ, ಲೀಟರಿಗೆ 2 ಗ್ರಾಂ. ಎರಡು ಎಚ್ಚರಿಕೆ: ಬಿಸಿಲು 32 ಡಿಗ್ರಿ ದಾಟುವ ದಿನ ಗಂಧಕ ಬೇಡ, ಎಲೆ ಸುಟ್ಟುಹೋಗುತ್ತದೆ. ಬೇವಿನೆಣ್ಣೆ ಹೊಡೆದಿದ್ದರೆ ಎರಡು ವಾರ ಗಂಧಕದ ಹತ್ತಿರ ಹೋಗಬೇಡಿ.

ಯೂರಿಯಾ ಹಾಕಿ ಹಾಕಿ ಗಿಡ ಬೆಳೆಸಿದವರ ಮನೆಯಲ್ಲಿ ಬೂದಿ ರೋಗ ಹೆಚ್ಚು. ಮೆತ್ತಗಿನ ಚಿಗುರು ಅದಕ್ಕೆ ಹಬ್ಬದೂಟ.

ರೋಗ ಅಂತ ತಿಳಿದು ಮೋಸ ಹೋಗುವುದು

ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ನಮ್ಮ ಗ್ಲಾಡಿಯೇಟರ್ ತಳಿಯ ಕೆಂಪು ಗುಲಾಬಿ ಗಿಡದ ಎಲೆಗಳು ಹೊಳಪು ಕಳೆದುಕೊಂಡವು. ಧೂಳು ಕೂತ ಹಾಗೆ, ತಾಮ್ರದ ಬಣ್ಣ. ಶಿಲೀಂಧ್ರನಾಶಕ ಹೊಡೆದೆ. ವಾರ ಬಿಟ್ಟು ಮತ್ತೆ ಹೊಡೆದೆ. ಮೂರನೇ ವಾರ ಗಿಡ ಹೆಚ್ಚುಕಡಿಮೆ ಬೋಳು. ಆಮೇಲೆ ಮಾಲಿ ಹೇಳಿದ ಹಾಗೆ ಒಂದು ಎಲೆಯನ್ನು ಬಿಳಿ ಕಾಗದದ ಮೇಲೆ ಹಿಡಿದು ಬೆರಳಿನಿಂದ ಟಕಟಕ ತಟ್ಟಿದೆ. ಮೆಣಸಿನ ಪುಡಿಯಂಥ ಚುಕ್ಕೆಗಳು ಬಿದ್ದವು. ಅರ್ಧ ನಿಮಿಷ ಸುಮ್ನೆ ನೋಡುತ್ತಾ ಕೂತೆ. ಚುಕ್ಕೆಗಳು ನಡೆಯತೊಡಗಿದವು.

ಅದು ಕೆಂಪು ಜೇಡನುಸಿ. ಬೂಷ್ಟಿನ ಔಷಧಿಗೆ ಅದಕ್ಕೇನೂ ಆಗುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಪುಣೆಯ ಒಣ ಬಿಸಿಲಿನಲ್ಲಿ ಇದರ ಸಂಸಾರ ವಾರದೊಪ್ಪತ್ತಿನಲ್ಲಿ ದುಪ್ಪಟ್ಟಾಗುತ್ತದೆ. ಮದ್ದು ನೀರು. ಬೆಳಿಗ್ಗೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಎಲೆಯ ಅಡಿಭಾಗಕ್ಕೆ ಜೋರಾಗಿ ಹೊಡೆಯಿರಿ. ಮೂರು ದಿನಕ್ಕೊಮ್ಮೆ, ಎರಡು ವಾರ. ಜೊತೆಗೆ ಸಂಜೆ ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಅಂಟುವಾಳದ ನೀರಿನಲ್ಲಿ ಚೆನ್ನಾಗಿ ಕಲಸಿ. ಎಲೆಗೆ ನೀರು ಬೇಡ ಅಂದವಳು ಈಗ ಎಲೆಗೇ ನೀರು ಹೊಡೆಯಿರಿ ಅನ್ನುತ್ತಿದ್ದೇನೆ. ಕಾರಣ ಇದೆ: ಏಪ್ರಿಲ್ ಬೆಳಿಗ್ಗೆ ನೆನೆದ ಎಲೆ ಗಂಟೆಯೊಳಗೆ ಒಣಗುತ್ತದೆ. ಕಾಯಿಲೆ ಯಾವುದು ಅಂತ ಗೊತ್ತಿದ್ದರೆ ಮಾತ್ರ ಇಂಥ ತೀರ್ಮಾನ ತೆಗೆದುಕೊಳ್ಳಬಹುದು. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಹಾಕಿದರೆ ನುಸಿ ಕಡಿಮೆಯಾಗುವ ಬದಲು ಹೆಚ್ಚಾಗುವುದೂ ಉಂಟು.

ಮೊಗ್ಗು ಅರಳದೆ ಅಂಚು ಕಂದಾಗಿ ಸುಟ್ಟ ಹಾಗಿದ್ದರೆ ಥ್ರಿಪ್ಸ್ ಇರಬಹುದು. ಮೊಗ್ಗು ಬಿಡಿಸಿ ಕಾಗದದ ಮೇಲೆ ಕೊಡವಿ. ದಾರದ ತುಂಡಿನಂಥ ಸಣ್ಣ ಹುಳು ಓಡಾಡುತ್ತವೆ. ಬಿಳಿ, ತಿಳಿಹಳದಿ ಹೂಗಳಲ್ಲಿ ಕಲೆ ಎದ್ದು ಕಾಣುತ್ತದೆ. ಹಾಳಾದ ಮೊಗ್ಗು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ನೀಲಿ ಅಂಟಿನ ಹಾಳೆ ಗಿಡದ ಎತ್ತರಕ್ಕೆ ನೇತುಹಾಕಿ.

ಮೊದಲ ಮಳೆ ಬಿದ್ದ ರಾತ್ರಿ ಎಲೆಗೆ ತೂತು ಬಿದ್ದಿದ್ದರೆ ಟಾರ್ಚ್ ಹಿಡಿದು ನೋಡಿ. ಕಂದು ದುಂಬಿ ಮೇಯುತ್ತಿರುತ್ತದೆ, ಕೈಯಲ್ಲೇ ಆರಿಸಬಹುದು. ಅಂಚಿನಲ್ಲಿ ಬಳೆ ಚೂರಿನ ಹಾಗೆ ನುಣ್ಣಗೆ ಕತ್ತರಿಸಿದ್ದರೆ ಅದು ಎಲೆ ಕತ್ತರಿಸುವ ಜೇನು. ತನ್ನ ಗೂಡಿಗೆ ಒಯ್ಯುತ್ತದೆ. ಅದನ್ನು ಬಿಟ್ಟುಬಿಡಿ, ಗಿಡಕ್ಕೆ ಏನೂ ಆಗುವುದಿಲ್ಲ.

ಟೊಂಗೆ ಮೇಲಿಂದ ಒಣಗುವುದು

ಗಿಡವನ್ನು ನಿಜವಾಗಿ ಕೊಲ್ಲುವುದು ಇದು. ಕಪ್ಪುಚುಕ್ಕೆಯಿಂದ ಗಿಡ ಸೊರಗುತ್ತದೆ, ಇದರಿಂದ ಸಾಯುತ್ತದೆ. ಹೂ ಕತ್ತರಿಸಿದ ಜಾಗದಿಂದಲೋ ಸವರಿದ (ಟೊಂಗೆ ಕತ್ತರಿಸಿ ಗಿಡ ಗಿಡ್ಡ ಮಾಡಿದ) ತುದಿಯಿಂದಲೋ ಟೊಂಗೆ ಕಪ್ಪಾಗುತ್ತಾ ಕೆಳಗೆ ಇಳಿಯುತ್ತದೆ. ಕಪ್ಪು ಮತ್ತು ಹಸಿರಿನ ನಡುವೆ ಗೆರೆ ಎಳೆದ ಹಾಗೆ ಗಡಿ. ದಿನ ಕಳೆದ ಹಾಗೆ ಅದು ಗೆಣ್ಣು ಗೆಣ್ಣಾಗಿ ಕೆಳಗೆ ಜಾರುತ್ತದೆ. ಕಸಿ ಗಂಟು, ಅಂದರೆ ಬೇರುಸಸಿಗೆ ಒಳ್ಳೆ ತಳಿ ಕಟ್ಟಿದ ಜಾಗ, ಮುಟ್ಟಿದರೆ ಮುಗಿಯಿತು.

ಕತ್ತರಿಸುವಾಗ ಗಡಿಗೆ ಕತ್ತರಿಸಬೇಡಿ. ರೋಗ ಹೊರಗೆ ಕಾಣುವುದಕ್ಕಿಂತ ಒಳಗೆ ಮುಂದೆ ಹೋಗಿರುತ್ತದೆ. ಕಪ್ಪು ಮುಗಿದ ಜಾಗದಿಂದ 5 ಸೆಂಟಿಮೀಟರ್ ಕೆಳಗೆ ಕತ್ತರಿಸಿ, ಕಡಿದ ಮುಖ ನೋಡಿ. ನಡುವಿನ ಬೆಂಡು ಕಂದು ಇದ್ದರೆ ಇನ್ನೂ ಒಂದು ಗೆಣ್ಣು ಕೆಳಗೆ. ಮತ್ತೆ ನೋಡಿ. ಸೌತೆಕಾಯಿ ಹೋಳಿನ ಹಾಗೆ ಬಿಳಿಹಸಿರು, ರಸ ತುಂಬಿದ ಮುಖ ಬರುವವರೆಗೆ ಇಳಿಯಬೇಕು. ಕಳೆದ ವರ್ಷ ಒಂದು ಗಿಡದಲ್ಲಿ ಐದು ಸಲ ಕತ್ತರಿಸಿದೆ. ನಾಲ್ಕನೇ ಸಲ ನಡುವೆ ಸಾಸಿವೆಯಷ್ಟು ಕಂದು ಉಳಿದಿತ್ತು. ಇಷ್ಟು ಪರವಾಗಿಲ್ಲ ಅಂತ ಮನಸ್ಸು ಹೇಳಿತು, ಆದರೂ ಕತ್ತರಿಸಿದೆ. ಮೊಣಕಾಲೆತ್ತರದ ಟೊಂಗೆ ಗೇಣುದ್ದ ಉಳಿಯಿತು. ಗಿಡ ಬದುಕಿತು.

ಪ್ರತಿ ಕಡಿತಕ್ಕೂ ಮುಂಚೆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಹೊರಮುಖದ ಕಣ್ಣಿನ (ಚಿಗುರು ಒಡೆಯುವ ಜಾಗದ) ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಓರೆಯಾಗಿ ಕತ್ತರಿಸಿ. ಉದ್ದ ಮೋಟು ಬಿಟ್ಟರೆ ರೋಗ ಮತ್ತೆ ಅಲ್ಲಿಂದಲೇ ಶುರು. ಕಡಿದ ಮುಖಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಿನಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಬಳಿಯಿರಿ. ಹಳೆ ತೋಟಗಾರರು ಚೌಬಟಿಯಾ ಪೇಸ್ಟ್ ಅಂತ ಒಂದನ್ನು ಹೇಳುತ್ತಾರೆ. ಅದರಲ್ಲಿ ಕಾಪರ್ ಕಾರ್ಬೊನೇಟ್, ಅಗಸೆ ಎಣ್ಣೆಯ ಜೊತೆ ಕೆಂಪು ಸೀಸವೂ ಇದೆ. ಸೀಸ ವಿಷ. ಮಕ್ಕಳು ಓಡಾಡುವ ಮನೆಯ ಬಾಲ್ಕನಿಗೆ ಅದನ್ನು ನಾನು ಒಪ್ಪುವುದಿಲ್ಲ.

ಸವರಿದ ಮೇಲೆ ಬೋಳು ಟೊಂಗೆಗಳಿಗೆ ಬೋರ್ಡೋ ದ್ರಾವಣ ಹೊಡೆಯಬಹುದು. 1885ರ ಹೊತ್ತಿಗೆ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ ದ್ರಾಕ್ಷಿಗೆ ಬಳಕೆಗೆ ತಂದದ್ದು, ಆಮೇಲೆ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬಳಸಿದ್ದು, ಇದೇ. 10 ಗ್ರಾಂ ಮೈಲುತುತ್ತನ್ನು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಕರಗಿಸಿ ಬೆರೆಸಿ. ಪ್ಲಾಸ್ಟಿಕ್ ಪಾತ್ರೆಯಲ್ಲೇ ಮಾಡಿ. ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ. ತಾಮ್ರದ ಕೆಂಪು ಕಟ್ಟಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಮಾಡಿದ ದಿನವೇ ಮುಗಿಸಿ. ಎಳೆ ಎಲೆಗೆ, ಅದರಲ್ಲೂ ಜಿಟಿಜಿಟಿ ಮಳೆಯಲ್ಲಿ, ತಾಮ್ರ ಹೊಡೆದರೆ ಸುಡುತ್ತದೆ. ಹಾಗಾಗಿ ಟೊಂಗೆಗೆ ಮಾತ್ರ. ಇಲ್ಲಿ ಮೈಲುತುತ್ತು ಅಂದರೆ ಅಂಗಡಿಯವರಿಗೆ ಗೊತ್ತಾಗದು, ಮೋರಚೂದ್ ಅನ್ನಬೇಕು.

ಒಣಗುವ ರೋಗ ಬಲವಾದ ಗಿಡಕ್ಕೆ ಸುಲಭವಾಗಿ ಬರುವುದಿಲ್ಲ. ಬಂದಿದೆ ಅಂದರೆ ಹಿಂದೆ ಇನ್ನೊಂದು ತೊಂದರೆ ಇದೆ ಅಂತ ತಿಳಿದು ಹುಡುಕಿ. ಮಳೆಗಾಲದಲ್ಲಿ ಎಲೆ ಪೂರ್ತಿ ಉದುರಿತ್ತೇ? ಬುಡದಲ್ಲಿ ನೀರು ನಿಲ್ಲುತ್ತಿದೆಯೇ? ಕಾಂಡದ ಮೇಲೆ ಬಿಳಿ ಅಥವಾ ಕಂದು ಹುರುಪೆ ಅಂಟಿದೆಯೇ? ಉಗುರಿನಿಂದ ಕೆರೆದರೆ ಆ ಹುರುಪೆ ಕಳಚಿ ಬಂದರೆ ಅದು ಶಲ್ಕ ಕೀಟ, ರಸ ಹೀರುತ್ತಾ ಕೂತಿದೆ. ಹಳೆ ಹಲ್ಲುಜ್ಜುವ ಬ್ರಷ್‌ಗೆ ಸ್ಪಿರಿಟ್ ಹಚ್ಚಿ ಉಜ್ಜಿ ತೆಗೆಯಿರಿ.

ಕಸಿ ಗಂಟಿನ ಕೆಳಗಿನಿಂದ ಹೊಸ ಚಿಗುರು ಜೋರಾಗಿ ಬಂದರೆ ಖುಷಿಪಡಬೇಡಿ, ಅದು ಬೇರುಸಸಿಯ ಚಿಗುರು. ಏಳು ಎಲೆ ಇದ್ದರೆ ಕಾಡುಗಿಡ ಅನ್ನುತ್ತಾರೆ, ಅದನ್ನು ನಂಬಿ ಕೂರಬೇಡಿ. ಒಳ್ಳೆ ತಳಿಗಳಲ್ಲೂ ಏಳೆಲೆ ಬರುತ್ತದೆ. ಮಣ್ಣು ಕೆದಕಿ, ಚಿಗುರು ಗಂಟಿನ ಮೇಲಿಂದ ಬಂದಿದೆಯೋ ಕೆಳಗಿಂದಲೋ ನೋಡಿ.

ರೋಗವೇ ಅಲ್ಲದ ಹಳದಿ

ಹೊಸ ಎಲೆ ಹಳದಿ, ನರಗಳು ಮಾತ್ರ ಹಸಿರು, ಬಲೆ ಹೆಣೆದ ಹಾಗೆ. ಇದು ಕಬ್ಬಿಣದ ಕೊರತೆ. ಪುಣೆಯ ಸುಣ್ಣದಂಶದ ಕಪ್ಪು ಮಣ್ಣಿನಲ್ಲಿ, ಬೋರ್‌ವೆಲ್ ನೀರಿನಲ್ಲಿ ಇದು ಮಾಮೂಲು. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಬೇರಿಗೆ ಎಟುಕುವುದಿಲ್ಲ. ಅಂಗಡಿಯಲ್ಲಿ ಸಿಗುವ ಇಡಿಟಿಎ ಕಬ್ಬಿಣ ಕ್ಷಾರದ ಮಣ್ಣಿನಲ್ಲಿ ಕೆಲಸ ಮಾಡುವುದಿಲ್ಲ, ಇಡಿಡಿಎಚ್ಎ ಅಂತ ಬರೆದದ್ದನ್ನು ಕೇಳಿ ತನ್ನಿ. ಮಳೆನೀರು ಹಿಡಿದಿಟ್ಟು ಹಾಕಿದರೂ ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ನಮ್ಮ ಟೆರೇಸಿನ ಗಿಡ ಸುಧಾರಿಸಿದ್ದು ಹಾಗೇ.

ಗಿಡ ಪೂರ್ತಿ ಮಂಕಾಗಿ, ಮಣ್ಣು ಒದ್ದೆ ಇದ್ದರೂ ಎಲೆ ಬಾಡಿದ್ದರೆ ಬೇರು ನೋಡಿ. ಚಿಕ್ಕಪ್ಪ ಫೋನಿನಲ್ಲಿ "ದಿನಾ ಮಳೆ ಬರ್ತಿದೆ, ನೀರಿಗೇನು ಕೊರತೆ ಮಗಾ?" ಅಂದರು. ಕೊರತೆ ಇಲ್ಲದ್ದೇ ತೊಂದರೆ. ಕುಂಡ ಓರೆ ಮಾಡಿ ಗಿಡ ಎತ್ತಿ ನೋಡಿ ಅಂದೆ. ತಳದ ತೂತಿಗೆ ಬೇರು ಹೆಣೆದು ಮುಚ್ಚಿತ್ತು, ಅಡಿ ತಟ್ಟೆಯಲ್ಲಿ ನೀರು, ಚರಂಡಿ ವಾಸನೆ. ಕಪ್ಪಾಗಿ ಕೈಗೆ ಸಿಪ್ಪೆ ಬಿಡುವ ಬೇರು ಕತ್ತರಿಸಿ, ಜಲ್ಲಿ ಮರಳು ಬೆರೆತ ಹೊಸ ಮಣ್ಣಿಗೆ ಹಾಕಿ, ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಇಡಬೇಕು. ಗಿಡದ ಮೇಲ್ಭಾಗವನ್ನೂ ಅಷ್ಟೇ ಅಳತೆಗೆ ಕಡಿಮೆ ಮಾಡಬೇಕು. ಚಿಕ್ಕಪ್ಪನ ಗಿಡದಲ್ಲಿ ಬಿಳಿ ಬೇರು ಉಳಿದಿರಲಿಲ್ಲ, ಅದು ಹೋಯಿತು.

ಉಳಿದವು

ಎಲೆಯ ಅಡಿ ಕಿತ್ತಳೆ ಗುಳ್ಳೆ ಇದ್ದರೆ ಅದು ತುಕ್ಕು ರೋಗ. ಕರಾವಳಿಯ ಸೆಕೆಯಲ್ಲಿ ನಾನು ನೋಡಿಲ್ಲ. ನರಗಳ ನಡುವೆ ಮೂಲೆಮೂಲೆಯಾಗಿ ನೇರಳೆ ಕಲೆ ಬಂದು, ಎರಡು ಮೂರು ದಿನದಲ್ಲಿ ಎಲೆ ಸುರಿದರೆ ಅದು ಡೌನಿ ಮಿಲ್ಡ್ಯೂ ಎಂಬ ರೋಗ. ತಂಪು ಮತ್ತು ತೇವ ಒಟ್ಟಿಗೆ ಬಂದಾಗ ಬರುತ್ತದೆ, ಪಾಲಿಹೌಸಿನಲ್ಲಿ (ಪ್ಲಾಸ್ಟಿಕ್ ಹೊದಿಕೆಯ ಮನೆಯೊಳಗೆ) ಬೆಳೆಸುವವರಿಗೆ ಇದರ ಕಾಟ ಹೆಚ್ಚು. ಮೊಗ್ಗಿನ ಮೇಲೆ ಬೂದು ಬೂಷ್ಟು ಬಂದರೆ ಆ ಮೊಗ್ಗು ಕತ್ತರಿಸಿ, ಗಿಡಗಳ ನಡುವೆ ಗಾಳಿಗೆ ಜಾಗ ಮಾಡಿ.

ಎಲೆಯ ಮೇಲೆ ಹಳದಿ ಅಂಕುಡೊಂಕು ಗೆರೆ ಬಂದರೆ ಅದು ಮೊಸಾಯಿಕ್ ವೈರಸ್. ಮದ್ದಿಲ್ಲ. ಗಿಡ ಹೂ ಬಿಡುತ್ತಿದ್ದರೆ ಇಟ್ಟುಕೊಳ್ಳಿ, ಅದರಿಂದ ಕಸಿ ಕಡ್ಡಿ ಯಾರಿಗೂ ಕೊಡಬೇಡಿ. ಬುಡದಲ್ಲಿ ಹೂಕೋಸಿನಂಥ ಗಂಟು ಇದ್ದರೆ ಅದು ಬ್ಯಾಕ್ಟೀರಿಯಾದ ಕೆಲಸ, ಅದಕ್ಕೂ ಮದ್ದಿಲ್ಲ. ಗಿಡವನ್ನು ಮಣ್ಣಿನ ಸಮೇತ ತೆಗೆದುಹಾಕಿ. ಆ ಮಣ್ಣಿಗೆ ಮತ್ತೆ ಗುಲಾಬಿ ಬೇಡ.

ಹೊಡೆಯುವ ಮುಂಚೆ

ಗುಲ್ಕಂದಕ್ಕೆ, ಅಡುಗೆಗೆ ಬಳಸುವ ಗುಲಾಬಿಗೆ ಮೇಲೆ ಹೇಳಿದ ಅಂಗಡಿ ಔಷಧಿ ಯಾವುದನ್ನೂ ಹೊಡೆಯಬೇಡಿ. ಅಂಥ ಗಿಡ ಬೇರೆಯೇ ಇಡಿ. ಕೈಗವಸು, ಮಾಸ್ಕ್ ಬೇಕು. ಅಳತೆಗೆ ಅಡುಗೆಮನೆಯ ಚಮಚ ಬೇಡ, ಬೇರೆ ಚಮಚ ಇಟ್ಟು ಅದಕ್ಕೆ ಕೆಂಪು ದಾರ ಕಟ್ಟಿ. ಜೇನು ಹಾರಾಡದ ಹೊತ್ತು ನೋಡಿ. ಕೆಳಗಿನ ಮನೆಯವರ ಬಟ್ಟೆ ಒಣಗುತ್ತಿದೆಯೇ ಅಂತ ಬಗ್ಗಿ ನೋಡಿ, ಹೇಳಿ ಹೊಡೆಯಿರಿ.

ಹೊಸ ಗಿಡ ತರುವಾಗ

ಸೋಲಾಪುರ ರಸ್ತೆಯಲ್ಲಿ ಹಡಪ್ಸರ ದಾಟಿ ಉರುಳಿ ಕಾಂಚನದವರೆಗೆ ನರ್ಸರಿಗಳೇ ನರ್ಸರಿಗಳು. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್‌ನ ಪುಷ್ಪ ಪ್ರದರ್ಶನಕ್ಕೆ ಹೋದವರು ಬರಿಗೈಲಿ ಬರುವುದು ಕಷ್ಟ. ಹೂ ನೋಡಿ ಗಿಡ ಕೊಳ್ಳಬೇಡಿ. ಬುಡದ ಎಲೆ ಇದೆಯೇ, ಅಡಿಭಾಗ ಶುದ್ಧವೇ, ಕಸಿ ಗಂಟು ಗಟ್ಟಿ ಇದೆಯೇ ನೋಡಿ. ಮನೆಗೆ ತಂದ ಮೇಲೆ ಎರಡು ವಾರ ಉಳಿದ ಗಿಡಗಳಿಂದ ದೂರ ಇಡಿ. ಜೇಡನುಸಿ ನಮ್ಮನೆಗೆ ಬಂದಿದ್ದು ಹೊಸ ಗಿಡದ ಜೊತೆಗೇ ಅಂತ ನನಗೆ ಬಲವಾದ ಅನುಮಾನ.

ಮೇ ಕೊನೆಯಲ್ಲಿ ಕುಂಡದ ತೂತು ಬಿಡಿಸಿ, ಬುಡದ ಎಲೆ ತೆಗೆದು, ಮೊದಲ ಮಳೆಗೆ ಮುಂಚೆ ಒಂದು ಸಲ ಮ್ಯಾಂಕೋಜೆಬ್ ಹೊಡೆಯಿರಿ. ದೊಡ್ಡ ಸವರುವಿಕೆ ಅಕ್ಟೋಬರ್‌ನಲ್ಲಿ. ದಸರೆ ಆಯ್ತಲ್ಲ ಅಂತ ಕತ್ತರಿ ಹಿಡಿಯಬೇಡಿ. ಮಳೆಗಾಲದ ಕೊನೆಯ ಮಳೆ ಬಿದ್ದು, ನಾಲ್ಕು ದಿನ ಒಣ ಬಿಸಿಲು ಬಂದ ಮೇಲೆ ಸವರಿ. ಹಸಿ ಗಾಯಕ್ಕೆ ಮಳೆ ಬಿದ್ದರೆ ಟೊಂಗೆ ಒಣಗುವ ರೋಗಕ್ಕೆ ನಾವೇ ಬಾಗಿಲು ತೆರೆದ ಹಾಗೆ. ಅಕ್ಟೋಬರ್ 20ರ ಸುಮಾರಿಗೆ ಸವರಿ ಲೇಪ ಹಚ್ಚಿದರೆ ಸುಮಾರು 45 ದಿನಕ್ಕೆ, ಡಿಸೆಂಬರ್ ಮೊದಲ ವಾರದ ಹೊತ್ತಿಗೆ, ಮೊದಲ ಹೂ. ಅಷ್ಟರಲ್ಲಿ ಬೂದಿ ರೋಗದ ಕಾಲವೂ ಶುರುವಾಗಿರುತ್ತದೆ. ದಿನಾ ಬೆಳಿಗ್ಗೆ ಮೊಗ್ಗಿನ ಕುತ್ತಿಗೆ ನೋಡಿ.